ಮುನ್ನೂರ ಎಂಬತ್ತೆಂಟನೇ ಸಾಲು

ಲೋಕದಲ್ಲಿ ಹುಚ್ಚು ನೂರೆಂಟು ತರಹ. ಕೆಲವರಿಗೆ ಅಂಚೆಚೀಟಿಯ ಹುಚ್ಚು, ಕೆಲವರಿಗೆ ಹಳೇ ನಾಣ್ಯದ್ದು, ಇನ್ನು ಕೆಲವರಿಗೆ ಪಕ್ಕದ ಮನೆಯ ಸುದ್ದಿಯದ್ದು. ಪಟ್ಟಿಯಕ್ಕನ ಹುಚ್ಚು ಇವೆಲ್ಲಕ್ಕಿಂತ ಒಂದು ಕೈ ಮೇಲೆ. ಆಕೆ ಹಳೇ ವಾಚುಗಳನ್ನು ಕೊಳ್ಳುವವಳಲ್ಲ, ಮಾರುವವಳಲ್ಲ, ಹೋಗಲಿ, ಕೈಗೆ ಕಟ್ಟಿಕೊಳ್ಳುವವಳೂ ಅಲ್ಲ. ಯಾರೋ ಮಾರಿದ್ದನ್ನು, ಇನ್ಯಾರೋ ಕೊಂಡದ್ದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು ನೋಡಿ ಪಟ್ಟಿ ಮಾಡಿ ಬರೆದಿಡುವವಳು, ಅದಕ್ಕೇ ಆ ಹೆಸರು. "ಊರವರ ಮದುವೇಲಿ ಬಂದವರ ಚಪ್ಪಲಿ ಎಣಿಸೋ ಕೆಲಸ ಕಣೇ ನಿಂದು," ಎಂದು ಗಂಡ ಹನ್ನೊಂದು ವರ್ಷದಿಂದ ರೇಗಿಸುತ್ತಲೇ ಇದ್ದಾನೆ. ಆತ ಲಿಫ್ಟ್ ರಿಪೇರಿಯವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಕೊನೆಗೆ ಹೊರಟಲ್ಲಿಗೇ ಬಂದು ನಿಲ್ಲುವವನು. ಅಂಥವನ ಮಾತನ್ನು ಯಾರು ತಲೆಗೆ ಹಾಕಿಕೊಳ್ಳುತ್ತಾರೆ?

ಹೊಟ್ಟೆಪಾಡಿಗೆ ಆಕೆಗೆ ಕನ್ನಡಕದಂಗಡಿ ಇದೆ. ಮುಂದೆ ಗಾಜಿನ ಕಪಾಟು, ಅದರಲ್ಲಿ ಸಾಲಾಗಿ ಲೆನ್ಸಿಲ್ಲದ ಫ್ರೇಮುಗಳು. ಒಳಗೆ ಕಣ್ಣು ಪರೀಕ್ಷೆಗೊಂದು ಕತ್ತಲೆ ಕೋಣೆ, ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಬೋರ್ಡು. ಕೌಂಟರಿನ ಹಿಂದೆ, ಲೆನ್ಸ್ ಒರೆಸುವ ಬಟ್ಟೆಗಳ ಪಕ್ಕದಲ್ಲಿ ಲ್ಯಾಪ್‌ಟಾಪು. ಗಿರಾಕಿ ಇಲ್ಲದಾಗ ಅದರೊಳಗೆ ಮುಳುಗಿದಳೆಂದರೆ ತಲೆ ಮೇಲೆ ತಲೆ ಬಿದ್ದರೂ ಏಳುವವಳಲ್ಲ.

ಪಟ್ಟಿ ಇರುವುದು ಒಂದೇ ಒಂದು ಮಾದರಿಯ ವಾಚಿಗಾಗಿ. ನಲವತ್ತು ವರ್ಷದ ಹಿಂದೆ ನಾಲ್ಕೇ ನಾಲ್ಕು ವರ್ಷ ತಯಾರಾದ, ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ಕ್ರೋನೋಗ್ರಾಫ್ ಅದು. ಸಾಧಾರಣ ವಾಚಿನಂತೆ ಗಂಟೆ ತೋರಿಸುತ್ತದೆ, ಬದಿಯ ಗುಂಡಿ ಒತ್ತಿದರೆ ಓಟದ ಪಂದ್ಯದ ಸಮಯವನ್ನೂ ಅಳೆಯುತ್ತದೆ. ಡಯಲಿನ ಮೇಲೆ ಮೂರು ಪುಟ್ಟ ವರ್ತುಲಗಳು, ಒಂದೊಂದರಲ್ಲೂ ಒಂದೊಂದು ಪುಟ್ಟ ಮುಳ್ಳು. ಅದಕ್ಕೇ ಅಭಿಮಾನಿಗಳು ಅದನ್ನು 'ಮೂರ್ಕಣ್ಣ' ಎನ್ನುತ್ತಾರೆ. ಅಭಿಮಾನಿಗಳು ಎಂದರೆ ಬೆರಳೆಣಿಕೆಯವರಲ್ಲ, ಪಟ್ಟಿಯನ್ನು ಓದುವವರೇ ಮೂರು ಸಾವಿರ ಜನ.

ಯಾಕೆ ಓದುತ್ತಾರೆ ಎಂದರೆ, ಆನ್‌ಲೈನ್ ಹರಾಜಿನಲ್ಲಿ ಒಂದು ವಾಚು ಮಾರಾಟವಾಗಿ ತೊಂಬತ್ತು ದಿನ ಕಳೆದರೆ ಅದರ ಪುಟವೇ ಮಾಯ. ಫೋಟೋ ಇಲ್ಲ, ಬೆಲೆ ಇಲ್ಲ, ಸುಳಿವಿಲ್ಲ. ಅದೇ ವಾಚು ಎರಡು ವರ್ಷ ಬಿಟ್ಟು ಹೊಸ ಬೆಲ್ಟು ಹಾಕಿಸಿಕೊಂಡು, 'ತಾತನ ಪೆಟ್ಟಿಗೆಯಲ್ಲಿ ಸಿಕ್ಕಿತು' ಎಂಬ ಹೊಸ ಕಥೆ ಕಟ್ಟಿಕೊಂಡು ಬಂದರೆ ಯಾರಿಗೂ ಗೊತ್ತಾಗದು. ಪಟ್ಟಿಯಕ್ಕನಿಗೆ ಗೊತ್ತಾಗುತ್ತದೆ. ಮಾರಾಟವಾದ ಪ್ರತಿಯೊಂದು ಮೂರ್ಕಣ್ಣನ ಫೋಟೋವನ್ನೂ ಆಕೆ ಪುಟ ಮಾಯವಾಗುವ ಮೊದಲೇ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದಾಳೆ. ಪಟ್ಟಿ ಲೋಕಕ್ಕೆಲ್ಲ, ಫೋಟೋಗಳು ಮಾತ್ರ ತನಗೊಬ್ಬಳಿಗೆ. ಕೇಸಿನ ಗೀರು, ಗುಂಡಿಯ ಸವಕಳಿ, ಬ್ಯಾಟರಿ ಬದಲಿಸಿದ ಪುಣ್ಯಾತ್ಮ ಹಿಂದಿನ ಮುಚ್ಚಳಕ್ಕೆ ಮಾಡಿದ ಗಾಯ ಎಲ್ಲವೂ ಬಾಯಿಪಾಠ. "ಇದು ನೂರಾ ಹನ್ನೆರಡನೇದು. ಮೂರನೇ ಮದುವೆಗೆ ನಿಂತಿದೆ," ಎಂದುಬಿಡುತ್ತಾಳೆ.

ಪಟ್ಟಿಗೆ ನಾಲ್ಕು ಕಟ್ಟಳೆಗಳಿದ್ದವು. ನಿಜವಾಗಿ ಹರಾಜಾಗಿ ಕೈ ಬದಲಾಯಿಸಿದ ವಾಚಿಗೆ ಮಾತ್ರ ಒಂದು ಸಾಲು. ತಮ್ಮವರಿಂದಲೇ ಬಿಡ್ ಹಾಕಿಸಿದ ಕಳ್ಳ ಮಾರಾಟ ಎಂದು ಗೊತ್ತಾದರೆ ಆ ಸಾಲಿಗೆ ಗೀಟು. ಪಟ್ಟಿ ಬರೆಯುವವಳು ತಾನು ಕೊಳ್ಳುವಂತಿಲ್ಲ. ಒಮ್ಮೆ ಬರೆದದ್ದನ್ನು ಸದ್ದಿಲ್ಲದೆ ಅಳಿಸುವಂತೆಯೂ ಇಲ್ಲ, ತಪ್ಪಾದರೆ ಗೀಟೆಳೆದು ತಪ್ಪೆಂದು ಪಕ್ಕದಲ್ಲೇ ಬರೆಯಬೇಕು. ಹನ್ನೊಂದು ವರ್ಷದಲ್ಲಿ ಈ ಕೊನೆಯ ಕಟ್ಟಳೆಯನ್ನು ಬಳಸುವ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ. ಸುಳ್ಳೇಕೆ ಹೇಳಬೇಕು, ಆಕೆಗೆ ಅದರ ಜಂಬ ಸ್ವಲ್ಪ ಇತ್ತು.

ಹೀಗಿರುವಾಗ ಒಂದು ತಿಂಗಳ ಕೆಳಗೆ ಕಂದು ಬಣ್ಣದ ಡಯಲಿನ ಮೂರ್ಕಣ್ಣ ಒಂದು ಹರಾಜಿಗೆ ಬಂತು. ಕಾರ್ಖಾನೆಯ ಹಳೇ ಕ್ಯಾಟಲಾಗಿನಲ್ಲಿ ಇದ್ದದ್ದು ಎರಡೇ ಬಣ್ಣ, ಕಪ್ಪು ಮತ್ತು ಬಿಳಿ. ಪಟ್ಟಿಯಕ್ಕ ಫೋಟೋವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದಳು. 'ದೂರ ಇರಿ' ಎಂದು ಅಭಿಮಾನಿಗಳ ಗುಂಪಿಗೆ ಎರಡೇ ಪದ ಬರೆದಳು. ಮೂರು ಸಾವಿರ ಜನರೂ ದೂರ ಇದ್ದರು. ಒಬ್ಬರೇ ಒಬ್ಬರು ಬಿಡ್ ಹಾಕಿ ಅದನ್ನು ಇಟ್ಟ ಬೆಲೆಗೇ ಒಯ್ದರು. ಮಾರಾಟ ಎಂದ ಮೇಲೆ ಸಾಲು ಕೊಡಲೇಬೇಕಲ್ಲ, ಮುನ್ನೂರ ಎಂಬತ್ತೆಂಟನೇ ಸಾಲಿನಲ್ಲಿ ಅದನ್ನು ಕೂರಿಸಿ, ಪಕ್ಕದಲ್ಲಿ ಹೀಗೆ ಬರೆದಳು: 'ಡಯಲು ನಕಲಿ. ಕಾರ್ಖಾನೆಯಲ್ಲಿ ಕಂದು ಬಣ್ಣ ಇರಲೇ ಇಲ್ಲ. ಕೆಳಗಿನ ವರ್ತುಲದ 45ರಲ್ಲಿ ಐದಕ್ಕೆ ಬಾಲ ಬಂದಿದೆ. ಯಾವನೋ ಒರಟು ಕೈಯವನು ಮುದ್ರಿಸಿದ್ದು.'

ಗುಂಪಿನಲ್ಲಿ 'ಮೀಸೆ' ಎಂಬೊಬ್ಬನಿದ್ದಾನೆ. ಮುಖ ಯಾರೂ ಕಂಡಿಲ್ಲ, ಮುಖದ ಜಾಗದಲ್ಲಿ ಬರೀ ಮೀಸೆಯ ಚಿತ್ರ. ಎಲ್ಲರ ಕಾಲೆಳೆಯುವ ಆಸಾಮಿ ಅವನು, ಅವನೂ ಅಂದು ಸೋತು 'ಹದ್ದಿನ ಕಣ್ಣು!' ಎಂದು ಬರೆದ. ಪಟ್ಟಿಯಕ್ಕ ಅದನ್ನು ಗಂಡನಿಗೆ ಎರಡು ಸಲ ಓದಿ ಹೇಳಿದಳು.

ಆಮೇಲೆ ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಂಗಡಿಗೆ ಇಬ್ಬರು ಹೆಂಗಸರು ಬಂದರು. ಮುಂದಿದ್ದವರು ಎಪ್ಪತ್ತು ದಾಟಿದವರು, ಎತ್ತರ, ಬೆನ್ನು ಇನ್ನೂ ಬಾಗಿರಲಿಲ್ಲ. ಹಿಂದಿನಾಕೆ ಗುಂಡಗೆ, ನಲವತ್ತೈದರ ಆಸುಪಾಸು, ಏದುಸಿರು ಬಿಡುತ್ತಿದ್ದಳು. ಆಕೆಯ ಕೋಟಿನ ಜೇಬಿನ ಮೇಲೆ ಯಾವುದೋ ಲಾಂಡ್ರಿಯ ಗುರುತು ಹೊಲಿದಿತ್ತು.

"ಪಟ್ಟಿ ಬರೆಯೋಳು ನೀನೇ ಏನಮ್ಮ?" ಎಂದರು ಹಿರಿಯಾಕೆ.

ಪಟ್ಟಿಯ ಕೊನೆಯಲ್ಲಿ ಅಂಗಡಿಯ ವಿಳಾಸ ಇದ್ದೇ ಇತ್ತು. ಹೆದರುವವಳು ಬರೆಯಬಾರದು, ಬರೆಯುವವಳು ಹೆದರಬಾರದು ಎನ್ನುವವಳು ಪಟ್ಟಿಯಕ್ಕ. "ಹೌದಮ್ಮ. ಬನ್ನಿ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ." ಹಿರಿಯಾಕೆ ಎಡಗೈಯಿಂದ ವಾಚನ್ನು ಬಿಚ್ಚಿ, ಫ್ರೇಮುಗಳನ್ನು ತೋರಿಸುವ ಮಖಮಲ್ಲಿನ ತಟ್ಟೆಯ ಮೇಲೆ ಇಟ್ಟರು. ಕಂದು ಡಯಲಿನ ಮೂರ್ಕಣ್ಣ. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ಕೌಂಟರಿನ ಮೇಲೆ ಹರಡಿದರು. "ಒರಟು ಕೈ ಅಂತ ಬರೆದಿದ್ದೀಯಲ್ಲ. ನೋಡು, ಇದೇ ಆ ಕೈ. ಎಲ್ಲಿ ಒರಟಾಗಿದೆ, ಮುಟ್ಟಿ ಹೇಳು."

ಪಟ್ಟಿಯಕ್ಕ ಮುಟ್ಟಲಿಲ್ಲ. ಇವರೇ ಆ ವಾಚನ್ನು ಕೊಂಡವರು, ಮೋಸ ಹೋದದ್ದು ಗೊತ್ತಾಗಿ ಜಗಳಕ್ಕೆ ಬಂದಿದ್ದಾರೆ ಎಂದುಕೊಂಡಳು. "ಅಮ್ಮಾ, ದುಡ್ಡು ಕೊಟ್ಟು ಕೊಂಡಿದ್ದೀರಿ, ಬೇಜಾರಾಗೋದು ಸಹಜ. ಆದ್ರೆ ನಿಮಗೆ ಇದನ್ನ ಮಾರಿದವರನ್ನ ಕೇಳ್ಬೇಕು, ನನ್ನನ್ನಲ್ಲ."

ಲಾಂಡ್ರಿಯಾಕೆಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಹಿರಿಯಾಕೆ ಅವಳ ಕಡೆ ತಿರುಗಿ ಒಂದು ನೋಟ ಬಿಸಾಕಿದರು. ಕೆಮ್ಮು ನಿಂತಿತು.

"ಇದರ ಡಯಲು ಮುದ್ರಿಸಿದ್ದು ನಾನು," ಎಂದರು ಹಿರಿಯಾಕೆ. "ಇದೊಂದೇ ಅಲ್ಲ. ಆ ವಾಚು ತಯಾರಾದ ನಾಲ್ಕು ವರ್ಷವೂ ಡಯಲು ಕೋಣೆಯಲ್ಲಿ ಇದ್ದೋಳು ನಾನು."

ಕೂರಲು ಬಂದಿಲ್ಲ ಎಂದವರು ಆಮೇಲೆ ಕೂತರು. ಮಾತು ಹಾಗೆ, ಕಾಲಿಗೂ ಸ್ವಲ್ಪ ಆಸರೆ ಬೇಡುತ್ತದೆ. ಡಯಲು ಕೋಣೆಯಲ್ಲಿ ಎರಡು ಮೇಜುಗಳಿದ್ದವಂತೆ. ಕಿಟಕಿ ಕಡೆಯದು ಇವರದು, ಗೋಡೆ ಕಡೆಯದು ಇವರ ಗೆಳತಿಯದು. ಅಂಕಿಗಳನ್ನು ಕೊರೆದ ಉಕ್ಕಿನ ಅಚ್ಚು ಒಬ್ಬೊಬ್ಬರ ಮೇಜಿಗೂ ಒಂದೊಂದು. ಅಚ್ಚಿಗೆ ಶಾಯಿ ಸವರಿ, ಹೆಚ್ಚಾದದ್ದನ್ನು ಬ್ಲೇಡಿನಿಂದ ಒರೆಸಿ, ಮೆತ್ತನೆಯ ರಬ್ಬರ್ ಗುಂಡನ್ನು ಅದರ ಮೇಲೆ ಒತ್ತಿ ಎತ್ತಿದರೆ ಅಂಕಿಗಳೆಲ್ಲ ಗುಂಡಿಗೆ ಅಂಟುತ್ತವೆ, ಆ ಗುಂಡನ್ನು ಡಯಲಿನ ಮೇಲೆ ಒತ್ತಿದರೆ ಡಯಲಿಗೆ ಇಳಿಯುತ್ತವೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಒಂದು ಸೀನು ಬಂದರೆ ಒಂದು ಡಯಲು ಕಸಕ್ಕೆ.

"ಕಂದು ಬಣ್ಣದ್ದು ಹನ್ನೆರಡು ಡಯಲು ಮಾದರಿಗೆ ಅಂತ ಬಂದಿದ್ವು. ಮುದ್ರಿಸಿ ತೋರಿಸಿದ್ವಿ. ಮೇಲಿನವರಿಗೆ ಹಿಡಿಸಲಿಲ್ಲ, ಎಸೀರಿ ಅಂದ್ರು. ನಾವು ಎಸೆಯೋರಾ? ಆ ವರ್ಷದ ಕೊನೇ ದಿನ ಅವನ್ನೇ ಹಾಕಿ ವಾಚು ಜೋಡಿಸ್ಕೊಂಡು, ಆ ಮಹಡಿ ಹೆಂಗಸರೆಲ್ಲ ಹಂಚಿಕೊಂಡ್ವಿ."

"ಹೇಳೋಕೆ ಎಲ್ಲರೂ ಹೇಳ್ತಾರೆ ಅಮ್ಮ," ಎಂದಳು ಪಟ್ಟಿಯಕ್ಕ. ದನಿ ಮೆತ್ತಗಾಗಿತ್ತು, ಹಟ ಮೆತ್ತಗಾಗಿರಲಿಲ್ಲ. "ನನಗೆ ಪ್ರತಿ ವಾರ ಒಂದು ಕಥೆ ಬರುತ್ತೆ. ಆ ಬಾಲಕ್ಕೆ ಏನು ಹೇಳ್ತೀರಿ? ಕಾರ್ಖಾನೆ ಕೆಲಸದಲ್ಲಿ ಐದಕ್ಕೆ ಬಾಲ ಬರುತ್ತಾ?"

ಹಿರಿಯಾಕೆ ಕನ್ನಡಕ ತೆಗೆದು ವಾಚನ್ನು ಮೂಗಿನ ಹತ್ತಿರ ಹಿಡಿದರು. ಹತ್ತಿರದ್ದನ್ನು ನೋಡಲು ಕನ್ನಡಕ ತೆಗೆಯುವವರ ಕಣ್ಣು ಸೂಜಿಯ ಕಣ್ಣಿಗಿಂತ ಚುರುಕು ಎಂಬುದು ಪಟ್ಟಿಯಕ್ಕನಿಗೆ ಕಸುಬಿನಿಂದಲೇ ಗೊತ್ತು. ಅದನ್ನು ಕಂಡು ಅವಳಿಗೆ ಮೊದಲ ಸಲ ಸ್ವಲ್ಪ ಅಳುಕಾಯಿತು.

"ಬಾಲ ನಂದೇ," ಎಂದರು ಹಿರಿಯಾಕೆ ಮೆಲ್ಲಗೆ. "ಕೆಲಸಕ್ಕೆ ಸೇರಿ ಎರಡನೇ ದಿನ. ಚಿಮಟ ಕೈ ಜಾರಿ ಅಚ್ಚಿನ ಮೇಲೆ ಬಿತ್ತು. ಐದರ ಹೊಟ್ಟೆ ಕೆಳಗೆ ಒಂದು ಗೀರು. ರೆಪ್ಪೆಗೂದಲಿಗಿಂತ ಸಣ್ಣದು. ಹೇಳಿದ್ರೆ ಕೆಲಸ ಹೋಗ್ತಿತ್ತು, ಬಾಯಿ ಮುಚ್ಕೊಂಡೆ. ಗೀರಿಗೆ ಶಾಯಿ ಇಳಿಯುತ್ತಲ್ಲ, ಒತ್ತಿದಾಗಲೆಲ್ಲ ಬಾಲ ಬರ್ತಿತ್ತು. ನಾಲ್ಕು ವರ್ಷ ಒಬ್ಬ ಮೇಲ್ವಿಚಾರಕನಿಗೂ ಕಾಣಲಿಲ್ಲ. ನಲವತ್ತು ವರ್ಷ ಆದ್ಮೇಲೆ ನಿನಗೆ ಕಂಡಿತು ನೋಡು. ಕಪ್ಪು ಡಯಲಲ್ಲೂ ಇರುತ್ತೆ, ನಿನ್ನ ಹತ್ರ ಫೋಟೋ ಇದ್ರೆ ನೋಡ್ಕೋ."

ಪಟ್ಟಿಯಕ್ಕ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎದ್ದಳು. "ಒಳಗೆ ಬೆಳಕು ಕಮ್ಮಿ, ಸ್ಕ್ರೀನು ಚೆನ್ನಾಗಿ ಕಾಣುತ್ತೆ," ಎಂದು ನೆಪ ಹೇಳಿ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೆಳಕಿನ ಮಾತೆಲ್ಲ ಸುಳ್ಳು. ತಪ್ಪಾಗಿದ್ದರೆ ನಾಲ್ಕು ಕಣ್ಣಿನ ಮುಂದೆ ತಪ್ಪಾಗುವುದು ಬೇಡ ಎಂಬುದೇ ನಿಜ.

ಗಿರಾಕಿಗಳು ಕೂರುವ ಎತ್ತರದ ಸ್ಟೂಲಿನ ಮೇಲೆ ಕೂತು ಹದಿನಾಲ್ಕನೇ ಸಾಲಿನ ಫೋಟೋ ತೆರೆದಳು. ಕಪ್ಪು ಡಯಲು. ಕೆಳಗಿನ ವರ್ತುಲವನ್ನು ಹಿಗ್ಗಿಸಿದಳು. ನಲವತ್ತೈದು. ಐದು ಕ್ಷೇಮ, ಬಾಲ ಇಲ್ಲ. ಬದುಕಿದೆ ಎಂದುಕೊಂಡಳು. ಇಪ್ಪತ್ತನೆಯದು, ಅಲ್ಲೂ ಇಲ್ಲ. ಮೂವತ್ತೊಂದನೆಯದನ್ನು ತೆರೆದಳು. ಐದರ ಹೊಟ್ಟೆಯ ಕೆಳಗೆ, ಬೇಕೋ ಬೇಡವೋ ಎಂಬಂತೆ, ಒಂದು ಬಿಳಿಯ ಎಳೆ. ತನ್ನ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಬಾಲ ಅಲ್ಲೇ ಇತ್ತು. ನಲವತ್ತನೆಯದರಲ್ಲೂ ಇತ್ತು. ಅದೊಂದು ಎಲ್ಲೋ ಸಮುದ್ರದಾಚೆ ಮಾರಾಟವಾದದ್ದು, ಮೂವತ್ತೊಂದನೆಯದರ ಮುಖವನ್ನೂ ಕಾಣದ್ದು. ಎರಡಕ್ಕೂ ಒಬ್ಬನೇ ನಕಲಿಗಾರ ಬಾಲ ಅಂಟಿಸಿರಲು ಸಾಧ್ಯವಿರಲಿಲ್ಲ.

ಹನ್ನೊಂದು ವರ್ಷ ಈ ಫೋಟೋಗಳನ್ನು ತಿಂದು ತೇಗಿದ್ದಳು ಆಕೆ. ಕೇಸು ನೋಡಿದ್ದಳು, ಗುಂಡಿ ನೋಡಿದ್ದಳು, ಮುಚ್ಚಳ ನೋಡಿದ್ದಳು. ಬಾಲವನ್ನು ಹುಡುಕಿರಲಿಲ್ಲ, ಆದ್ದರಿಂದ ಕಂಡಿರಲಿಲ್ಲ. ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡುವವಳ ಕಥೆ ಇದು. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಒಂದು ಕ್ಷಣ, ಮುಚ್ಚಿಡುವುದೇಕೆ, ಕೆಟ್ಟ ಯೋಚನೆಯೂ ಬಂತು. 'ಫೋಟೋ ಮಸುಕಾಗಿದೆ, ಏನೂ ಗೊತ್ತಾಗ್ತಿಲ್ಲ' ಎಂದುಬಿಟ್ಟರೆ ಕೇಳುವವರು ಯಾರು? ಫೋಟೋ ಇರುವುದು ತನ್ನೊಬ್ಬಳ ಹತ್ತಿರ. ಹೊರಗೆ ಲಾಂಡ್ರಿಯಾಕೆ ಯಾವುದೋ ಫ್ರೇಮನ್ನು ಹಾಕಿಕೊಂಡು "ಅಕ್ಕಾ, ನಾನು ಟೀಚರ್ ತರ ಕಾಣ್ತೀನಾ?" ಎನ್ನುವುದು ಕೇಳಿಸಿತು. ಹಿರಿಯಾಕೆಯ ಉತ್ತರ ಕೇಳಿಸಲಿಲ್ಲ. ಕೌಂಟರಿನ ಮೇಲೆ ಹರಡಿದ್ದ ಆ ಎರಡು ಕೈಗಳು ಪಟ್ಟಿಯಕ್ಕನಿಗೆ ನೆನಪಾದವು, ತನ್ನ ಮೇಲೇ ಅಸಹ್ಯವಾಯಿತು.

ಹೊರಗೆ ಬಂದಳು. "ಅಮ್ಮಾ, ತಪ್ಪು ನಂದು. ಡಯಲು ಅಸಲಿ. ನೂರಕ್ಕೆ ನೂರು."

ಹಿರಿಯಾಕೆ ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದರು.

ಪಟ್ಟಿಯಕ್ಕ ಅವರ ಎದುರಿಗೇ ಕೂತು ಪಟ್ಟಿ ತೆರೆದು, ಹಳೆಯ ಮಾತುಗಳಿಗೆ ಗೀಟೆಳೆದು, ಪಕ್ಕದಲ್ಲಿ ಟೈಪ್ ಮಾಡಿದಳು: 'ಡಯಲು ಅಸಲಿ. ನಕಲಿ ಎಂದದ್ದು ನನ್ನ ತಪ್ಪು. ಮುದ್ರಿಸಿದವರೇ ಬಂದು ತೋರಿಸಿಕೊಟ್ಟರು. ಒರಟು ಕೈ ಎಂದು ಬರೆದದ್ದಕ್ಕೆ ನಾಚಿಕೆಯಾಗುತ್ತಿದೆ.' ಎರಡು ನಿಮಿಷವೂ ಆಗಿರಲಿಲ್ಲ, ಮೀಸೆಯ ಉತ್ತರ ಬಂತು: 'ಹದ್ದಿಗೂ ಕನ್ನಡಕ ಬೇಕಾಯ್ತಾ?' ಲಾಂಡ್ರಿಯಾಕೆ ಅದನ್ನು ಇಣುಕಿ ಓದಿ ಕಿಸಕ್ಕನೆ ನಕ್ಕಳು. ಪಟ್ಟಿಯಕ್ಕನಿಗೂ ನಗು ಬಂತು. ತಪ್ಪು ಒಪ್ಪಿಕೊಂಡರೆ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದಳು, ಬಿದ್ದದ್ದು ಒಂದು ಮೀಸೆಯ ಮಾತು ಅಷ್ಟೇ.

ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ಪಟ್ಟಿಯಕ್ಕ ಬಿಡುವ ಪೈಕಿಯಲ್ಲ. "ಇನ್ನೊಂದು ಕೆಲಸ ಬಾಕಿ ಇದೆ ಅಮ್ಮ. ನಾನು ದೂರ ಇರಿ ಅಂದಿದ್ದಕ್ಕೆ ಇದು ಕವಡೆ ಬೆಲೆಗೆ ಹೋಯ್ತು. ಕೊಂಡ ನಿಮಗೆ ಲಾಭವಾಯ್ತು, ಸರಿ. ಮಾರಿದವರಿಗೆ ಅನ್ಯಾಯ ಆಯ್ತಲ್ಲ? ಅವರು ಯಾರು ಹೇಳಿ. ಅವರ ಹತ್ರಾನೂ ಕ್ಷಮೆ ಕೇಳ್ತೀನಿ."

ಹಿರಿಯಾಕೆ ಕಪಾಟಿನ ಫ್ರೇಮುಗಳನ್ನು ಎಣಿಸತೊಡಗಿದರು. ಲಾಂಡ್ರಿಯಾಕೆ ತನ್ನ ಕೋಟಿನ ಗುಂಡಿ ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗೊತ್ತಿದ್ದೂ ಬಾಯಿ ಮುಚ್ಚಲಾಗದ ಜನ್ಮ ಅವಳದು.

"ಕೇಳೋದಾದ್ರೆ ಇಲ್ಲೇ ಕೇಳ್ಬಿಡಿ ಮೇಡಂ! ಮಾರಿದ್ದು ಇವರೇ. ಕೊಂಡಿದ್ದು ನಾನು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ನಾನು ಇವರಿಗೆ ದುಡ್ಡು ಕಳಿಸಿದೆ, ಇವರು ಸಂಜೆ ತಂದು ನನ್ನ ಕೈಗೇ ವಾಪಸ್ ಕೊಟ್ರು. ವಾಚು ಇವರ ಕೈ ಬಿಟ್ಟು ಹೋಗೇ ಇಲ್ಲ. ಹರಾಜಿನ ಸೈಟಿನವರು ಮಾತ್ರ ಕಮಿಷನ್ ಮುರ್ಕೊಂಡ್ರು, ಅವರ ಮನೆ ಹಾಳಾಗ!"

"ಯಾಕಮ್ಮ ಹಾಗೆ ಮಾಡಿದ್ರಿ?" ಪಟ್ಟಿಯಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹಿರಿಯಾಕೆ ಈಗ ಮುಖ ಎತ್ತಿದರು. "ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತು. ಆ ಕಟ್ಟಡದಲ್ಲಿ ಈಗ ಸೋಫಾ ಮಾರ್ತಾರೆ. ಆ ವಾಚಿನ ಬಗ್ಗೆ ಬರೆಯೋರೆಲ್ಲ ಎಂಜಿನಿಯರ್ ಹೆಸರು ಬರೀತಾರೆ, ಚಿತ್ರ ಬರೆದುಕೊಟ್ಟವನ ಹೆಸರು ಬರೀತಾರೆ. ಡಯಲು ಕೋಣೆ ಅಂತ ಒಂದಿತ್ತು ಅಂತಲೇ ಯಾರಿಗೂ ಗೊತ್ತಿಲ್ಲ. ಮೇಲ್ವಿಚಾರಕ ಅವತ್ತೇ ಹೇಳ್ತಿದ್ದ, ಇಷ್ಟು ನಾಜೂಕು ಯಾಕೆ, ಬ್ಯಾಟರಿ ವಾಚು, ಮೂರು ವರ್ಷ ಓಡಿ ಕಸ ಸೇರುತ್ತೆ ಅಂತ. ಎಲ್ಲ ಸೇರಿರುತ್ತೆ ಅಂತ ನಾನೂ ನಂಬಿದ್ದೆ. ಇವಳು ಒಂದು ದಿನ ಫೋನಲ್ಲಿ ನಿನ್ನ ಪಟ್ಟಿ ತೋರಿಸಿದಳು. ಒಂದೊಂದಕ್ಕೂ ಒಂದೊಂದು ನಂಬರು! ನಂದೂ ಒಂದು ಅಲ್ಲಿ ಇರ್ಲಿ ಅನ್ನಿಸ್ತು. ಮಾರಾಟ ಆದ್ರೆ ಮಾತ್ರ ಸೇರಿಸ್ತೀನಿ ಅಂತ ನೀನು ಬರೆದಿದ್ದೆ. ನನಗೆ ಮಾರೋಕೆ ಮನಸ್ಸಿಲ್ಲ. ಅದಕ್ಕೇ."

ನೋಡಿ ವಿಧಿಯಾಟ. ಡಯಲು ನಕಲಿ, ಮಾರಾಟ ಅಸಲಿ ಎಂದು ಪಟ್ಟಿಯಕ್ಕ ಲೋಕಕ್ಕೆ ಸಾರಿದ್ದಳು. ಇದ್ದದ್ದು ಪೂರಾ ತಿರುಗುಮುರುಗು.

"ಹಾಗಾದ್ರೆ," ಎಂದು ಪಟ್ಟಿಯಕ್ಕ ಆ ಸಾಲಿನತ್ತ ತಿರುಗಿದಳು. ಕಟ್ಟಳೆ ತಾನೇ ಮಾಡಿದ್ದು. ಕಳ್ಳ ಮಾರಾಟಕ್ಕೆ ಗೀಟು. ಇದೇ ಕಾರಣಕ್ಕೆ ಎಷ್ಟು ದೊಡ್ಡ ವ್ಯಾಪಾರಿಗಳ ಸಾಲುಗಳನ್ನು ಮುಲಾಜಿಲ್ಲದೆ ಹೊಡೆದು ಹಾಕಿದ್ದಳು!

"ಒಂದು ಸಾಲು ತಾನೇ ಮೇಡಂ, ಕಂಡೂ ಕಾಣದ ಹಾಗೆ ಇದ್ಬಿಡಿ," ಎಂದಳು ಲಾಂಡ್ರಿಯಾಕೆ. "ನಾನಂತೂ ಯಾರಿಗೂ ಹೇಳಲ್ಲ." ಆಕೆ ಯಾರಿಗೂ ಹೇಳುವುದಿಲ್ಲ ಎಂಬುದನ್ನು ಆ ಅಂಗಡಿಯಲ್ಲಿ ಆಕೆಯೊಬ್ಬಳೇ ನಂಬಿದ್ದು.

"ಬೇಡ." ಹಿರಿಯಾಕೆಯ ದನಿ ಗಟ್ಟಿಯಾಗಿತ್ತು. "ಹೊಡಿ ಗೀಟು. ಒಂದು ತಪ್ಪು ಮುಚ್ಚಿಟ್ಟು ನಾಲ್ಕು ವರ್ಷ ದಿನಾ ಹೆದರಿ ಬದುಕಿದ್ದೀನಿ. ಇನ್ನೊಂದು ಬೇಡ."

"ನಿಜವಾಗಿ ಮಾರೋದಾದ್ರೆ ಅಮ್ಮ, ಈಗ ಅಸಲಿ ಅಂತ ಎಲ್ಲರಿಗೂ ಗೊತ್ತಾಗಿದೆ, ನಾ ಮುಂದು ತಾ ಮುಂದು ಅಂತ ಬರ್ತಾರೆ. ಆಗ ಸಾಲು ನ್ಯಾಯವಾಗಿ ಸಿಗುತ್ತೆ."

ಹಿರಿಯಾಕೆ ವಾಚನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮಣಿಕಟ್ಟಿಗೆ ಸುತ್ತಿ, ಬೆಲ್ಟಿನ ತುದಿಯನ್ನು ಕೊಂಡಿಗೆ ಸಿಕ್ಕಿಸಿದರು. "ಇಲ್ಲಮ್ಮ. ಇದು ನಂದು. ಇದನ್ನ ಕೊಟ್ಟು ನಂಬರು ತಗೊಂಡು ಏನು ಮಾಡ್ಲಿ?"

ಪಟ್ಟಿಯಕ್ಕ ಮುನ್ನೂರ ಎಂಬತ್ತೆಂಟನೇ ಸಾಲಿಗೆ ಆ ತುದಿಯಿಂದ ಈ ತುದಿಯವರೆಗೆ ಗೀಟೆಳೆದಳು. ಹನ್ನೊಂದು ವರ್ಷದಲ್ಲಿ ಎಳೆದ ಯಾವ ಗೀಟೂ ಇಷ್ಟು ನೋವು ಕೊಟ್ಟಿರಲಿಲ್ಲ. ಅವಳಿಗೆ ಅಳುವೇ ಬಂತು, ಮೂಗು ಒರೆಸುವ ನೆಪದಲ್ಲಿ ಲೆನ್ಸ್ ಒರೆಸುವ ಬಟ್ಟೆಯನ್ನು ಹಾಳು ಮಾಡಿದಳು. ಹಿರಿಯಾಕೆ ಎದ್ದು, "ಬರ್ತೀವಿ. ಒಪ್ಪಿಕೊಂಡೆಯಲ್ಲ, ಅಷ್ಟೇ ಸಾಕು," ಎಂದರು. ಸಾಕಾಗಿಲ್ಲ ಎಂದು ಮುಖ ಹೇಳುತ್ತಿತ್ತು. ಬಾಗಿಲಿನತ್ತ ಹೋಗುವಾಗ ಆ ನೆಟ್ಟಗಿನ ಬೆನ್ನು ಮೊದಲ ಸಲ ಸ್ವಲ್ಪ ಬಾಗಿದಂತೆ ಕಂಡಿತು.

ಸ್ಕ್ರೀನಿನಲ್ಲಿ ಪಟ್ಟಿಯ ಹಿಂದೆ ಇನ್ನೂ ತೆರೆದೇ ಇತ್ತು ನಲವತ್ತನೇ ಸಾಲಿನ ಫೋಟೋ. ಹಿಗ್ಗಿಸಿದ ಐದು, ಅದರ ಕೆಳಗೆ ಬಾಲ. ಪಟ್ಟಿಯಕ್ಕ ಅದನ್ನೇ ನೋಡುತ್ತ ಕೂತಳು. ನಾಲ್ಕು ಫೋಟೋ ತೆರೆದಿದ್ದೆ, ಎರಡರಲ್ಲಿ ಬಾಲ ಇತ್ತು. ನಾಲ್ಕರಲ್ಲಿ ಎರಡು. ಥೂ, ನನ್ನ ಬುದ್ಧಿಗಿಷ್ಟು!

"ಅಮ್ಮಾ! ನಿಲ್ಲಿ, ಹೋಗ್ಬೇಡಿ!" ಎಂದು ಕೂಗಿದ ರಭಸಕ್ಕೆ ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಬೇರೆಯವರೂ ನಿಂತರು.

ಕತ್ತಲೆ ಕೋಣೆಯಲ್ಲಿ ಹಿರಿಯಾಕೆಯನ್ನು ಕೂರಿಸಿ, ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲೇ ಇಟ್ಟು, ಪಟ್ಟಿಯಕ್ಕ ಒಂದನೇ ಸಾಲಿನ ಫೋಟೋ ತೆರೆದಳು. ಪಟ್ಟಿ ಶುರುವಾದದ್ದೇ ಆ ವಾಚಿನಿಂದ. "ಇದನ್ನ ನೋಡಿ."

ಹಿರಿಯಾಕೆ ಕನ್ನಡಕ ತೆಗೆದು ಬಗ್ಗಿದರು. ಮೂಗು ಸ್ಕ್ರೀನಿಗೆ ತಾಗಿತು.

"ಇದು ನಂದು," ಎಂದರು.

ಎರಡನೆಯದು. "ಇದು ಗೋಡೆ ಕಡೆ ಮೇಜಿಂದು. ಅವಳದು. ಒತ್ತು ಎಷ್ಟು ಹಗುರ ನೋಡು, ಅವಳ ಕೈಯೇ ಹಾಗೆ." ಮೂರನೆಯದು. "ಇದೂ ಅವಳದೇ." ನಾಲ್ಕನೆಯದು. "ನಂದು. ಅಯ್ಯೋ, ಶಾಯಿ ಜಾಸ್ತಿ ಆಗಿದೆ, ಚಳಿಗಾಲದ್ದಿರಬೇಕು." ಐದು ನಂದು. ಆರು ನಂದು. ಏಳು ಅವಳದು.

ಅಷ್ಟರಲ್ಲಿ ಕನ್ನಡಕದ ಗಿರಾಕಿಯೊಬ್ಬ ಬಂದ. ಲಾಂಡ್ರಿಯಾಕೆ ಕೌಂಟರಿನ ಹಿಂದೆ ನಿಂತು, "ಇವತ್ತು ಕಣ್ಣು ನೋಡಲ್ಲ, ಒಳಗೆ ದೊಡ್ಡ ಕೆಲಸ ನಡೀತಿದೆ, ನಾಳೆ ಬನ್ನಿ," ಎಂದು ಅವನನ್ನು ಅಟ್ಟಿಬಿಟ್ಟಳು. ಪಟ್ಟಿಯಕ್ಕನಿಗೆ ಅದು ಕೇಳಿಸಿತು, ಪರವಾಗಿಲ್ಲ ಎನ್ನಿಸಿತು. ಆಕೆ ಪಟ್ಟಿಯಲ್ಲಿ ಹೊಸದೊಂದು ಅಂಕಣ ಸೇರಿಸಿದ್ದಳು. ಮೇಲೆ 'ಮೇಜು' ಎಂದು ಬರೆದು, ಒಂದೊಂದೇ ಸಾಲಿಗೆ ತುಂಬುತ್ತಿದ್ದಳು. ಕಿಟಕಿ. ಗೋಡೆ. ಗೋಡೆ. ಕಿಟಕಿ. ಕಿಟಕಿ.

ಇಪ್ಪತ್ತರ ಹೊತ್ತಿಗೆ ಹಿರಿಯಾಕೆಗೆ ನಗು ತಡೆಯಲಾಗಲಿಲ್ಲ. "ಅಲ್ಲಾ ಕಣೇ ಮಗಳೇ, ಒಂದು ವಾಚು ಸೇರಿಸೋಕೆ ನಾನು ಕಳ್ಳ ಹರಾಜು ಮಾಡಿ, ಕಮಿಷನ್ ಕಟ್ಟಿ, ನಿನ್ನ ಹತ್ರ ಗೀಟು ಹೊಡೆಸಿಕೊಂಡೆ. ನೋಡಿದ್ರೆ ಇಲ್ಲಿ ಮೊದಲನೇ ಸಾಲಲ್ಲೇ ಕೂತಿದ್ದೀನಲ್ಲೇ!" ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಮೂವತ್ತೊಂದನೆಯದು ಬಂತು. ಇವರದೇ. ಹಿರಿಯಾಕೆ ಅದರ ಮೇಲೆ ಬೆರಳಿಟ್ಟರು. "ಇದು ಈಗ ಎಲ್ಲಿದೆ?"

"ಒಬ್ಬರು ಈಜು ಕಲಿಸೋರ ಹತ್ರ. ಮಕ್ಕಳು ಎಷ್ಟು ಹೊತ್ತಲ್ಲಿ ಆ ದಡ ಮುಟ್ಟಿದ್ರು ಅಂತ ಅದರಲ್ಲೇ ಅಳೀತಾರಂತೆ."

"ಅಂದ್ರೆ, ಇನ್ನೂ ಓಡ್ತಾ ಇದೆಯಾ?"

"ಓಡ್ತಾ ಇದೆ ಅಮ್ಮ."

"ಇದೊಂದೇನಾ?"

"ಇಲ್ಲಮ್ಮ. ಎಲ್ಲೋ ಒಂದೆರಡು ಬಿಟ್ರೆ ಎಲ್ಲ ಓಡ್ತಾ ಇದಾವೆ."

ಹಿರಿಯಾಕೆ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, "ಮುಂದಿನದು ತೋರಿಸು," ಎಂದರು.